ಐದರಲ್ಲಿ ಎಷ್ಟು

ಮಟ್ಟುವಿನ ಹೊಯಿಗೆ ಗದ್ದೆಯಲ್ಲಿ, ಗುಳ್ಳದ ಸಾಲುಗಳ ನಡುವೆ,
ಏಳು ಬೋನು ಕಟ್ಟಿದ್ದೇನೆ ಬಿದಿರ ಗೂಟಕ್ಕೆ.
ಒಂದೊಂದರ ಹೊಟ್ಟೆಯಲ್ಲೂ ಬಟಾಣಿಯಷ್ಟು ರಬ್ಬರು,
ಅದರಲ್ಲಿ ಇಲ್ಲದ ಹೆಣ್ಣಿನ ವಾಸನೆ.
ನನ್ನ ಮೂಗಿಗೆ ಅದೇನೂ ಅಲ್ಲ.
ಬರೇ ಸಮುದ್ರ, ಮತ್ತೆ ಕೊಳೆತ ಬೂತಾಯಿ ಗೊಬ್ಬರ.

ನಮೂನೆಯಲ್ಲಿ ನಾಲ್ಕು ಪ್ರಶ್ನೆ, ನೆಂಟಸ್ತಿಕೆ ವಿಚಾರಿಸಿದ ಹಾಗೆ.
ಬರುತ್ತದೆಯೇ. ಬಂದರೆ ನಿಲ್ಲುತ್ತದೆಯೇ.
ನಿಂತರೆ ಹರಡುತ್ತದೆಯೇ. ಹರಡಿದರೆ ಎಷ್ಟು ನಷ್ಟ.
ಒಂದರಿಂದ ಐದರವರೆಗೆ ಅಂಕ ಕೊಡಿ.
ಪಕ್ಕದಲ್ಲೊಂದು ಸಪೂರ ಕಾಲಂ: ನಿಮಗೆಷ್ಟು ಅನುಮಾನ.

ಪೆರುವಿನ ಬೆಟ್ಟದಿಂದ ಹೊರಟದ್ದಂತೆ ಈ ಪತಂಗ,
ಅಕ್ಕಿಕಾಳಿನಷ್ಟು ಉದ್ದ, ಬೂದಿ ಬಣ್ಣ.
ಎಲೆಯ ಎರಡು ಪದರದ ನಡುವೆ ಮರಿ ಹೊಕ್ಕು
ಹಸುರನ್ನಷ್ಟೇ ತಿಂದು ಗಾಜು ಉಳಿಸುತ್ತದೆ.
ಘಟ್ಟದ ಮೇಲೆ ಬಂದು ವರ್ಷಗಳಾದವು.
ಅದಕ್ಕೆ ಟೊಮೆಟೊ ಇಷ್ಟ. ಬದನೆ, ಹಸಿದಾಗ.
ಎಷ್ಟು ಹಸಿದಾಗ? ಪ್ರಬಂಧಗಳು ಜಗಳಾಡುತ್ತವೆ.
ಗುಳ್ಳವೂ ಬದನೆಯೇ, ಹೌದು. ಆದರೆ ಗುಳ್ಳವನ್ನು ಬದನೆ ಅಂದರೆ
ಈ ಊರಲ್ಲಿ ಚಾ ಸಿಗುವುದಿಲ್ಲ.

ಕಂಪ್ಯೂಟರಿನ ನಕ್ಷೆ ಕರಾವಳಿಗೆ ಹಳದಿ ಬಳಿದಿದೆ.
ಒಂದೇ ಚೌಕದೊಳಗೆ ಮಟ್ಟು, ಕಾಪು, ಅರ್ಧ ಅರಬ್ಬಿ ಸಮುದ್ರ.
ಸಮುದ್ರಕ್ಕೂ ನಮಗೂ ಅಪಾಯ ಒಂದೇ ಸಮ.

ಮೊದಲ ವಾರ ಸೊನ್ನೆ. ಎರಡನೇ ವಾರ ಸೊನ್ನೆ.
ಸೊನ್ನೆ ಬರೆಯುವುದು ಇಷ್ಟು ಕಷ್ಟ ಎಂದು ಯಾರೂ ಕಲಿಸಿರಲಿಲ್ಲ.
ಬಂದಿಲ್ಲವೋ, ನನ್ನ ಬೋನಿಗೆ ಬಂದಿಲ್ಲವೋ,
ಎರಡಕ್ಕೂ ಅದೇ ಗುಂಡಗಿನ ಅಂಕೆ.

ಮೂರನೇ ವಾರ, ನಾಲ್ಕನೇ ಬೋನು.
ಅಂಟಿನಲ್ಲಿ ನೊಣ, ಸೊಳ್ಳೆ, ದಾರಿ ತಪ್ಪಿದ ಒಂದು ಜೇನು,
ಮೂಲೆಯಲ್ಲಿ ಪೆನ್ಸಿಲ್ ಚೂರಿನಂಥದ್ದು ಏನೋ.
ಭೂತಗನ್ನಡಿಯಡಿ ಅದಕ್ಕೆ ಮೀಸೆ ಬಂತು, ಮಣಿ ಪೋಣಿಸಿದ ಮೀಸೆ,
ರೆಕ್ಕೆಯ ಮೇಲೆ ಕಪ್ಪು ಚುಕ್ಕೆ.
ಅದೇ ಇರಬಹುದು. ಅದರ ದಾಯಾದಿ ಇರಬಹುದು.
ಹೊಟ್ಟೆ ಬಿಡಿಸಿ ನೋಡದೆ ಹೇಳುವಂತಿಲ್ಲ,
ಬಿಡಿಸಬಲ್ಲವರು ಬೆಂಗಳೂರಿನಲ್ಲಿ. ಹದಿನೈದು ದಿನ.

"ಉಂಟಾ, ಇಲ್ವಾ?" ವಾರಿಜಕ್ಕ ಕೇಳಿದರು.
"ಐದರಲ್ಲಿ ಎರಡು ಅನ್ನಬಹುದು. ಮೂರೂ ಆದೀತು."
"ಬಾವಿಗೆ ಉಪ್ಪು ಬರುವ ಮೊದಲೂ ಒಬ್ಬರು ಬಂದಿದ್ದರು,
ನಿಮ್ಮ ಹಾಗೇ, ಪ್ಯಾಡು ಹಿಡಿದುಕೊಂಡು.
ಅವರೂ ಎರಡು ಅಂದಿದ್ದರು. ಈಗ ಕುಡಿದು ನೋಡಿ."
ಕುಡಿದೆ.
ಐದು.

ಸಿಕ್ಕಿದ್ದು ಗಂಡು. ಬೋನಿಗೆ ಬರುವುದು ಗಂಡೇ.
ಹೆಣ್ಣು ಈ ಮೋಸಕ್ಕೆ ಬೀಳುವವಳಲ್ಲ; ಎಲ್ಲೋ ಎಲೆಯಡಿಯಲ್ಲಿ
ಇನ್ನೂರು ಮೊಟ್ಟೆ ಹೊತ್ತು ಕೂತಿರುತ್ತಾಳೆ,
ಅಥವಾ ಇಲ್ಲವೇ ಇಲ್ಲ.
ಅವಳಿಗೆ ನನ್ನ ನಮೂನೆಯಲ್ಲಿ ಸಾಲಿಲ್ಲ.

ಹೊರಟು ನಿಂತಾಗ ಕಂಡದ್ದು: ಹಟ್ಟಿಯ ಬದಿಯಲ್ಲಿ
ನೀಲಿ ಪ್ಲಾಸ್ಟಿಕ್ ಕ್ರೇಟುಗಳ ಅಟ್ಟಿ,
ಬಿಳಿ ಪೇಂಟಿನಲ್ಲಿ ಹಾಸನದ ಯಾವುದೋ ಮಂಡಿಯ ಹೆಸರು,
ಒಂದರ ಮೂಲೆಯಲ್ಲಿ ಒಣಗಿದ ಟೊಮೆಟೊ ತೊಟ್ಟು.
"ಲಿಗೋರಿಯ ಟೆಂಪೊ ಖಾಲಿ ಇಳಿಸಿ ಹೋಗ್ತದೆ,
ನಾವು ಗುಳ್ಳ ತುಂಬಿಸಿ ಕೊಡ್ತೇವೆ. ಎಂತಕ್ಕೆ?"

ತೊಟ್ಟನ್ನು ಬೆಳಕಿಗೆ ಹಿಡಿದೆ. ಒಂದು ತೂತು.
ಸೂಜಿಮೊನೆಯಷ್ಟು.
ಒಳಗಿದ್ದವರು ಬಾಗಿಲು ತೆರೆದಿಟ್ಟೇ ಹೊರಟುಹೋಗಿದ್ದರು.

ಮೊದಲ ಪ್ರಶ್ನೆಗೆ ಪೆನ್ಸಿಲಿನಲ್ಲಿ ನಾಲ್ಕು ಬರೆದೆ.
ಅನುಮಾನದ ಕಾಲಮ್ಮಿಗೆ ಮಾತ್ರ ಪೆನ್ನು ತೆಗೆದೆ.

ಅಷ್ಟರಲ್ಲಿ ವಾರಿಜಕ್ಕ ಸೀರೆ ಎತ್ತಿಕಟ್ಟಿ
ಆ ಬಾವಿಯಿಂದಲೇ ಸೇದುತ್ತಿದ್ದರು
ಗಿಡಕ್ಕಾಗದ, ಬಾಯಿಗಾಗದ ನೀರು.
ಕ್ರೇಟು ಬೋರಲು ಹಾಕಿ, ಕುಟ್ಟಿ, ತೆಂಗಿನ ಸಿಪ್ಪೆಯಲ್ಲಿ
ತಿಕ್ಕುತ್ತಿದ್ದರು ಮೂಲೆ ಮೂಲೆ.
ಹದಿನೈದು ದಿನ ಕಾಯುವ ಪೈಕಿಯಲ್ಲ ಅವರು.
"ನೀವೆಂತ ಮಾರಾಯ್ರೇ ಕಂಬದ ಹಾಗೆ ನಿಂತದ್ದು,
ಆ ಕಡೆಯ ಹತ್ತು ನಿಮಗೆ."