ಗೇಣಿನೊಳಗ

ಕುಟ್‌ಬಣ ಜೆಟ್ಟಿಗೆ ಕಾಯ್ತಾನನ ಟ್ರಾಲರು
ಇಳಿತದ ಕೆಸರಿಗೆ ಮೊಣಕಾಲೂರಿ ನಿಂತೈತಿ.
ಸಾಳ ನದಿ ಡೀಸೆಲ್ಲಿನ ಕಾಮನಬಿಲ್ಲು ಹೊದ್ದೈತಿ.
ಮೌಲಾ, ಟಾರ್ಚು ಹಿಡಿ. ನನ್ನ ಮಾರಿಗಲ್ಲ, ವೈರಿಗೆ.

ಫ್ರಿಜ್ಜು ಸಣ್ಣದು, ಹಾಲಿನ ಕ್ಯಾನಿನಷ್ಟು.
ಮೀನಿಗಂತೂ ಅಲ್ಲ, ಮೀನಿಗೆ ಕೆಳಗ ಬರ್ಫದ ಹೊಂಡ ಐತಿ.
ಬೀರಿಗೆ ಇರಬೇಕು ಅಂತ ನೀ ನಕ್ಕಿ.
ನಾನೂ ನಕ್ಕೆ.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚು.
ಬೆರಳಿನ ಉಂಗುರ ತಗದು ಕಿಸೆಗೆ ಹಾಕು.
ಹನ್ನೆರಡೇ ವೋಲ್ಟು, ಖರೆ.
ಉಂಗುರ ಕಾಸಿ ಬೆರಳಿಗೆ ಬರೆ ಎಳಿಯಾಕ ಅಷ್ಟು ಸಾಕು.

ಎಂಜಿನ್ ಎಬ್ಬಸೋ ಬ್ಯಾಟರಿ ಆ ಮೂಲ್ಯಾಗ ಮಲಗಿರಲಿ,
ಅದರ ತಂಟೆ ಬ್ಯಾಡ.
ದೀಪ, ವೈರ್‌ಲೆಸ್ಸು, ಈ ಹೊಸಾ ಫ್ರಿಜ್ಜು
ಎಲ್ಲಾ ಇತ್ತಲಾಗಿನ ಬ್ಯಾಟರಿಯ ಪಂಕ್ತಿಗೆ ಕೂಡಲಿ.
ರಾತ್ರಿಯೆಲ್ಲಾ ತಂಪು ಉಂಡು ಉಂಡು
ಮುಂಜಾನೆ ಎಂಜಿನ್ನಿಗೇ ಎಂಜಲೂ ಉಳೀಲಿಲ್ಲಂದರ
ನಡುಗಡಲಾಗ ಯಾರನ್ನ ಕರೀತಿ?

ಅಂಗಡಿಯಾಂವ ಮನೀ ವೈರು ತೋರಸ್ತಾನ, ಒಂಟೆಳೆ, ಅಗ್ಗ.
ದೋಣಿ ನಡುಗೂ ಜಾತಿ. ಒಂಟೆಳೆ ಒಳಗ ಮುರದು
ಹೊರಗ ಏನೂ ಆಗಿಲ್ಲದಂಗ ಇರತೈತಿ.
ಕಲಾಯಿ ಹಾಕಿದ ಬಹಳ ಎಳೆಯ ತಾಮ್ರ ಬೇಡು, ದಪ್ಪಂದು ಬೇಡು,
ಬಯ್ದರ ಬಯ್ಯಲಿ.
ಬರೀ ತಾಮ್ರ ಈ ಉಪ್ಪುಗಾಳಿಗೆ ಹಸರಾಗತೈತಿ,
ಹುಣಸೀಹಣ್ಣು ಕಾಣದ ನಮ್ಮವ್ವನ ಕೊಡದಂಗ.

ಇನ್ನ ಫ್ಯೂಸು.
ಬ್ಯಾಟರಿಯಿಂದ ಒಂದು ಗೇಣಿನೊಳಗ, ಫ್ರಿಜ್ಜಿನ ಹತ್ತರಲ್ಲ.
ಅದು ಕಾಯೂದು ಫ್ರಿಜ್ಜನ್ನಲ್ಲೋ, ವೈರನ್ನ.
ಹಾದ್ಯಾಗ ಎಲ್ಲೋ ತಗಡಿಗೆ ತಿಕ್ಕಿ ವೈರು ಬತ್ತಲಾದರ
ಮೊದಲು ಸಾಯಬೇಕಾದ್ದು ಅದು.

ಒಂದು ದೋಣಿಯಾಗ ಫ್ಯೂಸಿನ ಜಾಗಾದಾಗ
ಸಿಗರೇಟಿನ ಬೆಳ್ಳಿ ಕಾಗದ ಇತ್ತು,
ನಾಕು ಮಡಿಕಿ, ನೀಟಾಗಿ.
ಅಡಗಿಕೋಣಿ ಕರ್ರಗಾತು. ಯಾರೂ ಸಾಯಲಿಲ್ಲ.
ಒಬ್ಬಾಂವನ ಎಡಹುಬ್ಬು ಮತ್ತ ಬೆಳೀಲಿಲ್ಲ,
ವಾಸ್ಕೋದ ಸಂತ್ಯಾಗ ಸಿಕ್ಕರ ಈಗೂ ಕೈ ಮಾಡ್ತಾನ.
ಆ ಮಡಿಕಿ ನಂದು, ಮೌಲಾ.
ನಿನ್ನಷ್ಟ ಇದ್ದೆ ಆಗ.

ಟಾರ್ಚು ಮಾರಿಗೆ ಬ್ಯಾಡ ಅಂದೆನಲ್ಲ.

ಕಾಯ್ತಾನ್ ಏಣಿ ಇಳದು ಬಂದ.
ಒದ್ದೆ ಕರವಸ್ತ್ರದ ಗಂಟು ಬಿಚ್ಚಿದ:
ಮೂರು ಇನ್ಸುಲಿನ್ ಬಾಟಲಿ, ಬೆರಳುದ್ದದ್ದು.
‘ನಾಕು ವರ್ಷ ಹಿಂಗ ಒಯ್ದೆ,’ ಅಂದ ಕೊಂಕಣಿಯಾಗ,
‘ಐದನೇ ದಿನ ಅದರಾಗ ಔಷಧ ಇತ್ತೋ, ಬರೀ ನೀರೋ,
ಆ ಸಾಯಬಾನಿಗೇ ಗೊತ್ತು.’

ಬೀರಿನ ಮಾತು ಇಬ್ಬರೂ ನುಂಗಿದಿವಿ.

ನೀ ಸ್ಕ್ರೂ ತಿರುವೂದು ನಿಲ್ಲಸಿ, ನಾ ಹೇಳದನ,
ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸಿನ ಮನಿತನಕ
ಹೆಬ್ಬಟ್ಟು, ಕಿರಿಬೆರಳು ಚಾಚಿ ಅಳದಿ.
ನಿನ್ನ ಗೇಣು ನನ್ನದಕ್ಕಿಂತ ಸಣ್ಣದು.
ಛಲೋ ಆತು. ಅಲ್ಲೇ ಕೂಡಸು.