ಎರಡನೇ ಮಳೆಯ ನೀರು

ಶಹಾಬಾದದ ನೀರಿಗೆ ಕಲ್ಲಿನ ನೆನಪು ಜಾಸ್ತಿ.
ಕುದಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪೊರೆ,
ಸೋಸಿದರೆ ಚಹಾದ ಮೇಲೆ ತೆಳು ಕೆನೆ,
ಹಾಲಿನದಲ್ಲ, ಸುಣ್ಣದ್ದು.
"ನಮ್ಮ ಬೋರಿನ ನೀರಾಗ ಕಡಕ್ ಪತ್ತಿ ಅಷ್ಟೇ ಬದುಕ್ತದ.
ನಾಜೂಕಿಂದು ಸತ್ತು ಹೋಗ್ತದ"
ಎನ್ನುತ್ತಿದ್ದರು ರುಕ್ಮೋದ್ದೀನ್ ಚಾಚಾ,
ಸ್ಟೇಷನ್ ರಸ್ತೆಯ ಪತ್ತಿ ಅಂಗಡಿಯವರು,
ಹನ್ನೊಂದು ವರ್ಷ ನನಗೆ ಪಗಾರ ಕೊಟ್ಟವರು.

ಸೇರಿದ ದಿನ ತೂಕ ಕಲಿಸಲಿಲ್ಲ.
ಮೂರು ಬಿಳಿ ಬಟ್ಟಲು ಸಾಲಾಗಿಟ್ಟು
"ಸುರ್ರಂತ ಎಳಿ, ಚಂದಮ್ಮಾ, ನಾಚಬ್ಯಾಡ.
ಸಪ್ಪಳ ಮಾಡದ ನಾಲಿಗಿಗಿ ಚಾ ಮಾತಾಡಲ್ಲ" ಎಂದರು.
ಅತ್ತೆಯ ಮನೆಯಲ್ಲಿ ಬೈಸಿಕೊಂಡ ಅದೇ ಸಪ್ಪಳವನ್ನು
ಇಲ್ಲಿ ಮಾಡಿದೆ,
ಪಗಾರಕ್ಕೆ.

ತೋಟ ನಾನು ಕಂಡಿಲ್ಲ.
ಬೆಟ್ಟವೆಂದರೆ ನನಗೆ ಖಣಿಯ ಬಾಯಲ್ಲಿ ಒಟ್ಟಿದ ಮಣ್ಣು.
ಆದರೂ ಚೀಲದ ಹೊಲಿಗೆ ಬಿಚ್ಚಿದ ಕೂಡಲೇ ತಿಳಿಯುತ್ತಿತ್ತು:
ಅಸ್ಸಾಮಿನದು ಕೊಪ್ಪರಿಗೆಯ ಅಂಚಿಗೆ ಹತ್ತಿ ಸೀದ ಬೆಲ್ಲ,
ತುದಿಯಲ್ಲಿ ಒಂದಿಷ್ಟು ಚಿನ್ನ, ಎಮ್ಮೆಯ ಹಾಲಿಗೂ ಹೆದರದ್ದು.
ನೀಲಗಿರಿಯದು ನೆರಳಿಗೆ ಒಣಹಾಕಿದ ಧೋತರ,
ಪಕ್ಕದಲ್ಲೇ ಯಾರೋ ನಿಂಬೆಯ ಎಲೆ ಹಿಸುಕಿದ ಹಾಗೆ.
ಕಾಂಗಡಾದ್ದು ಒಮ್ಮೆ ಮಾತ್ರ ಬಂತು, ತಪ್ಪು ವಿಳಾಸಕ್ಕೆ.
ಎರಡು ಚಮಚ ಕದ್ದು ವಾಪಸು ಕಳಿಸಿದೆವು.

ಡಾರ್ಜಿಲಿಂಗಿನದು ವರ್ಷಕ್ಕೆ ಅರ್ಧ ಕಿಲೋ.
ಚೈತ್ರದ ಮೊದಲ ಚಿಗುರು, ಯಾರೂ ಕೊಳ್ಳದ್ದು.
ಮಸಾಲೆಯ, ಸಾಬೂನಿನ ನೆರಳೂ ತಾಗದ ಗೂಡಿನಲ್ಲಿ
ತಗಡಿನ ಡಬ್ಬಿಯೊಳಗೆ ಮಳೆ ಕಾಯುತ್ತಿತ್ತು.
ಪತ್ತಿಗೆ ವಾಸನೆ ಅಂಟುತ್ತದೆಂದು
ಈದಿನ ದಿನವೂ ಅತ್ತರು ಹಚ್ಚದ ಮನುಷ್ಯ ಚಾಚಾ.

ಆಮೇಲೆ ಆ ಜ್ವರ.
ಜ್ವರ ಹೋಯಿತು, ಹೋಗುವಾಗ ಮೂಗನ್ನು ಒಯ್ದಿತು.
ಮಸಾಲೆ ಪಡಸಾಲೆಯಲ್ಲಿ ಹುರಿದರೂ ತಿಳಿಯದು,
ಹಾಲು ಹತ್ತಿದರೂ ತಿಳಿಯದು.
ಒಂದು ಶುಕ್ರವಾರ ಕೇದಿಗೆಯ ಅತ್ತರು ಹಚ್ಚಿ ಬಂದರು,
ಎಷ್ಟು ಹಚ್ಚಿದ್ದಾರೆಂದು ಅವರಿಗೇ ಗೊತ್ತಿಲ್ಲ.
"ಇನ್ನ ಯಾರಿಗಿ ಹೆದರ್ಲಿ?"
ನಾನು ಡಬ್ಬಿಗಳ ಮುಚ್ಚಳ ಬಿಗಿದೆ, ಒಂದೊಂದಾಗಿ.

ಮೃಗಶಿರೆಯಲ್ಲಿ ಮೊದಲ ಮಳೆ. ಅದನ್ನು ಬಿಟ್ಟೆವು,
ಸಿಮೆಂಟಿನ ಬೂದಿ ತೊಳೆಯುವುದು ಅದರ ಕೆಲಸ.
ಎರಡನೆಯದಕ್ಕೆ ಅಂಗಳದ ನಡುವೆ ಸ್ಟೀಲಿನ ಕೊಳಗ.
ನೀರು ಕುದಿಯಿತು. ಕೆಳಗಿಳಿಸಿ ಕಾದೆವು.
"ಸಿಟ್ಟು ಇಳೀಲಿ. ಸಿಟ್ಟಿನ ನೀರಿಗಿ ಎಳಿ ಎಲಿ ಬಾಯಿ ಬಿಡಲ್ಲ."
ಎಲೆ ಹಾಕಿ ಮುಚ್ಚಿದರೆ
ವಾಡಿಯ ಕಡೆಗೊಂದು ಗೂಡ್ಸ್ ಗಾಡಿ ಪೂರಾ ಹಾಯುವಷ್ಟು ಹೊತ್ತು,
ಕಡೆಯ ಡಬ್ಬಿ ದಾಟಿದಾಗ ಸೋಸುವುದು.

ಬಣ್ಣ, ಒಣಗಿದ ಜೋಳದ ದಂಟಿನದು.
ಚಾಚಾ ಸುರ್ರೆಂದು ಎಳೆದರು,
ಬಟ್ಟಲು ನನ್ನ ಕಡೆ ಸರಿಸಿದರು.
"ಹೇಳು, ಏನದ?"
"ಹಸಿ ಬಟಾಣಿ ಸುಲಿದ ಉಗುರು."
"ಮತ್ತ?"
"ಮಾವಿನ ಹೂವು. ಸ್ವಲ್ಪ."
"ಅದರ ಹಿಂದ?"
ಹಿಂದೆ ಬೆಟ್ಟ ಇರಬೇಕು ಎಂದು ಅವರೇ ಕಲಿಸಿದ್ದು.
ಕಣ್ಣು ಮುಚ್ಚಿದೆ. ಮಂಜು ಹುಡುಕಿದೆ.
"ಕಲ್ಲು, ಚಾಚಾ. ತೋಯ್ದ ಫರ್ಸಿ."

ಬಹಳ ಹೊತ್ತು ಸುಮ್ಮನಿದ್ದರು.
"ಅದು ಪತ್ತೀದಲ್ಲ, ಅಂಗಳದ್ದು. ಜಾಗ ಬದಲ್ಸಿ ನೋಡು."
ಒಳಗೆ ಗೋದಾಮಿನ ಮೂಲೆಗೆ ಹೋಗಿ ನಿಂತೆ.
ಅಲ್ಲಿಯೂ ಕಲ್ಲೇ.
ಮರಳಿ ಬಂದು ಏನು ಹೇಳಬೇಕೋ ಕೂಡಿಸಿಕೊಳ್ಳುವಷ್ಟರಲ್ಲಿ
ಲಾರಿಯ ಕ್ಲೀನರ್ ಒಬ್ಬ, ನೆನೆದ ತಲೆ:
"ನೂರು ಗ್ರಾಂ. ಕಡಕ್ ಇರ್ಲಿ."

ಪೊಟ್ಟಣ ಕಟ್ಟುವಾಗ ಪುಡಿಯಿಂದ ಕೇದಿಗೆ ಎದ್ದಿತು.
ಎರಡು ರೂಪಾಯಿ ಕಡಿಮೆ ಹಿಡಿದೆ.
ಪೈಸೆ ಪೈಸೆ ಎಣಿಸುವ ಚಾಚಾ
ಯಾಕೆಂದು ಕೇಳಲಿಲ್ಲ.