ಮುಚ್ಚಳದ ಸದ್ದು

ಆ ವರ್ಷ ಗ್ರಾಡಾಚಾಟ್ಸಿನ ಸುತ್ತೆಲ್ಲ
ಕೊಂಬೆಗೆ ಊರುಗೋಲು ಕೊಡುವಷ್ಟು ಪ್ಲಮ್.
ಲಾರಿಯವನು ಕೆಳಗಿಳಿಯಲೂ ಇಲ್ಲ, ಕಿಟಕಿಯಿಂದಲೇ ಅಂದ:
ಕಿಲೋಗೆ ಮೂವತ್ತು ಫೆನಿಂಗ್, ಕೊಟ್ಟರೆ ಕೊಡಿ.
ಕೊಡುವುದಿಲ್ಲ, ಅಂದೆ.
ಬಾಯಿ ಅಂದುಬಿಟ್ಟ ಮೇಲೆ
ಮಂಡಿ ನಡುಗಿದ್ದು ಬೇರೆ ಮಾತು.

ಅತ್ತೆಯ ತಾಮ್ರದ ಕೊಪ್ಪರಿಗೆ ಕೊಟ್ಟಿಗೆಯ ಮೂಲೆಯಲ್ಲಿತ್ತು,
ಅದರೊಳಗೊಂದು ಕೋಳಿ ಕಾವಿಗೆ ಕೂತಿತ್ತು.
ಕೋಳಿಗೆ ಬೇರೆ ಬುಟ್ಟಿ ಕೊಟ್ಟು, ಉಪ್ಪು ವಿನೆಗರ್ ಹಾಕಿ ಉಜ್ಜಿದೆವು
ನಾನೂ ನಾದಿನಿ ನಿಜಾಮಾಳೂ,
ನಮ್ಮ ಮುಖ ನಮಗೇ ಕೆಂಪಗೆ ಕಾಣುವ ತನಕ.

ಪೆಕ್ಮೆಜ್ ಅಂದರೆ ಸಕ್ಕರೆ ಸೋಕದ ಪಾಕ.
ಹಣ್ಣು, ಬೆಂಕಿ, ಬಿಡದೆ ತಿರುವುವ ತೋಳು.
ಸಂಜೆ ತುಂಬಿ ತುಳುಕಿದ್ದು
ಬೆಳಗಿನ ಜಾವಕ್ಕೆ ತಳ ಹಿಡಿದು
ಪ್ಳಕ್ ಪ್ಳಕ್ ಎಂದು ಗೊಣಗುತ್ತದೆ,
ಹಾರಿ ಬಂದು ಮೊಣಕೈ ಸುಡುತ್ತದೆ.
ಐದು ಕಿಲೋ ಹೋಗಿ ಒಂದು ಕಿಲೋ.
ಉಳಿದ ನಾಲ್ಕು ಎಲ್ಲಿ ಹೋಯಿತು ಅಂದರೆ
ಊರಿಗೆಲ್ಲ ಮೂಗಿದೆ, ಕೇಳಿ.

ಇನ್‌ಸ್ಪೆಕ್ಟರ್ ಬೊರಿಸ್ಲಾವ್ ಬಂದ, ಬೂಟಿಗೆ ನೀಲಿ ಚೀಲ ತೊಟ್ಟು.
ಮರದ ಹುಟ್ಟು ಆಗದು, ಅಂದ.
ಕಿಟಕಿಗೆ ಜಾಲರಿ. ಕೈಗೊಂದು ನಲ್ಲಿ, ಹಣ್ಣಿಗೊಂದು ನಲ್ಲಿ.
ಎಷ್ಟು ದಿನ ಕೆಡದೆ ಇರುತ್ತದೆ?
ಕೆಡುವ ತನಕ ಯಾರೂ ತಿನ್ನದೆ ಬಿಟ್ಟಿಲ್ಲ ಸ್ವಾಮಿ, ಅಂದಳು ನಿಜಾಮಾ.
ಅವನು ನಗಲಿಲ್ಲ. ಫಾರಮ್ಮಿನಲ್ಲಿ ಆ ಉತ್ತರಕ್ಕೆ ಜಾಗವಿರಲಿಲ್ಲ.
ಮೂರು ಸೀಸೆ ಪ್ರಯೋಗಾಲಯಕ್ಕೆ ಹೋದವು,
ಒಂದು ಕಾಗದ ಬಂತು, ಹುಳಿಯ ಅಂಕಿ ಹೊತ್ತು.
ನನ್ನ ನಾಲಿಗೆ ಮೊದಲಿಂದ ಬಲ್ಲದ್ದು
ಈಗ ಸೀಲು ಬಿದ್ದು ನಿಜವಾಯಿತು.

ಎರಡನೇ ಕೊಪ್ಪರಿಗೆ ಸೀದಿತು.
ಮೂರು ಗಂಟೆಗೆ ಒಂದು ಗಳಿಗೆ ರೆಪ್ಪೆ ಜಾರಿದ್ದಕ್ಕೆ
ಇನ್ನೂರು ಕಿಲೋ ಹಣ್ಣು.
ಸ್ವಲ್ಪ ಹೊಗೆ ವಾಸನೆ, ಯಾರಿಗೂ ಗೊತ್ತಾಗುವುದಿಲ್ಲ ಬಿಡು,
ಅಂದವಳು ನಾನೇ.
ಚೀಟಿಯ ಮೇಲಿರುವುದು ನಿನ್ನ ಹೆಸರು ರಸೇಮಾ, ನನ್ನದಲ್ಲ, ಅಂದಳು ಅವಳು.
ಗುಂಡಿ ತೋಡಿ ಸುರಿದೆವು.
ವಾರವಿಡೀ ಕಣಜದ ಹುಳುಗಳಿಗೆ ಹಬ್ಬ.

ಬೆಲೆ ಕಟ್ಟಲು ಕೂತೆ, ಮಗಳ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ:
ಹಣ್ಣು ಒಂದು ಮಾರ್ಕ್. ಸೀಸೆ, ಮುಚ್ಚಳ ಎಂಬತ್ತು ಫೆನಿಂಗ್.
ಸೌದೆ ಐವತ್ತು. ಚೀಟಿ ಇಪ್ಪತ್ತು. ಆ ಸೀಲಿನ ಪಾಲು ಐವತ್ತು.
ಮೂರಾಯಿತು; ನಾಲ್ಕಕ್ಕೆ ಮಾರೋಣ.
ನಿಜಾಮಾ ಬೆರಳಿಟ್ಟು ಕೆಳಗಿಂದ ಮೇಲಕ್ಕೆ ಓದಿದಳು.
ರಾತ್ರಿ ಎಲ್ಲಿ?
ಯಾವ ರಾತ್ರಿ?
ನಾವು ನಿದ್ದೆಗೆಟ್ಟದ್ದು. ಅದು ಯಾರಪ್ಪನ ಮನೆ ಗಂಟು?

ಎಷ್ಟು ವರ್ಷ ಬೇಯಿಸಿದ್ದೇನೆ,
ಬಾಣಂತಿಗೆ, ಸಾವಿನ ಮನೆಗೆ ಹೊತ್ತು ಕೊಟ್ಟಿದ್ದೇನೆ;
ರಾತ್ರಿಗೂ ಒಂದು ದರವಿದೆಯೆಂದು ಹೊಳೆದಿರಲಿಲ್ಲ.
ಪೆನ್ಸಿಲಿನ ತುದಿ ಕಚ್ಚಿ ಏಳು ಎಂದು ಬರೆದೆ.
ಅಳಿಸಿದೆ.
ಮತ್ತೆ ಬರೆದೆ, ಕಾಗದ ಹರಿಯುವಷ್ಟು ಒತ್ತಿ.

ಶನಿವಾರದ ಸಂತೆಯಲ್ಲಿ ಎದ್ಹೆಮ್ ಮುದುಕ ಹುಬ್ಬೇರಿಸಿದ:
ಏಳೇ? ನಿಮ್ಮತ್ತೆ ಪುಕ್ಕಟೆ ಕೊಡುತ್ತಿದ್ದಳಲ್ಲ.
ಅದಕ್ಕೇ ಅವಳ ಸೊಂಟ ಹೋಯಿತು, ಅಂದೆ.
ಆತ ನಿಂತ, ಗಡ್ಡ ಕೆರೆದುಕೊಂಡ, ಒಂದು ಕೊಂಡ.

ಸರಾಯೇವೊದ ಅಂಗಡಿಯಿಂದ ಫೋನು: ನಲವತ್ತು ಸೀಸೆ.
ಬಿಸಿಬಿಸಿ ತುಂಬಿ, ಬಿಗಿದು, ಕಂಬಳಿ ಹೊದಿಸಿ,
ದೀಪ ಆರಿಸಿ ಕತ್ತಲಲ್ಲಿ ಕೂತೆವು.
ಟಕ್.
ಆರಿದ ಮುಚ್ಚಳ ಒಳಕ್ಕೆ ಬಾಗುವ ಸದ್ದು.
ಟಕ್, ಟಕ್. ನಿಜಾಮಾ ಬೆರಳು ಮಡಿಸಿ ಎಣಿಸಿದಳು.
ಮೂವತ್ತೊಂಬತ್ತು.
ಕಾದೆವು. ಗಡಿಯಾರವೊಂದೇ ಮಾತಾಡಿತು.
ನಲವತ್ತನೆಯದು ತೆಪ್ಪಗಿತ್ತು,
ಬೆರಳೊತ್ತಿದರೆ ಕಪ್ಪೆಯ ಗಂಟಲಿನಂತೆ ಮೇಲೆ, ಕೆಳಗೆ.

ಅದನ್ನೇ ತೆರೆದು, ನಿನ್ನೆಯ ರೊಟ್ಟಿ ಮುರಿದು
ನಿಂತಲ್ಲೇ ತಿಂದೆವು ಇಬ್ಬರೂ.
ಏಳು ಮಾರ್ಕ್ ಹೋಯಿತು, ಅಂದೆ.
ಬರೆದುಕೋ,
ಅಂದಳು ತುಂಬಿದ ಬಾಯಲ್ಲಿ,
ಇನ್ನೊಂದು ತುಂಡಿಗೆ ಕೈ ಚಾಚುತ್ತ.